ಪಂಪು ನಿಲ್ಲಿಸಿದ ದಿನ

ನನ್ನ ಹೆಂಡತಿಯ ತಮ್ಮ ಓರೆಸ್ಟ್ ನಮ್ಮ ಮನೆಯ ನೆಲಮಾಳಿಗೆಗೆ ಇಳಿದು ಆ ವಸಂತಕ್ಕೆ ನಾಲ್ಕು ವರ್ಷ ತುಂಬಿತ್ತು. “ಎರಡು ವಾರ ಇದ್ದು ಹೋಗ್ತೀನಕ್ಕ” ಎಂದು ಒಂದೇ ಚೀಲ ಹಿಡಿದು ಬಂದವನು. ಸ್ಲಾವ್ಕಾ ಮೇಲಿನ ಕೋಣೆಯಲ್ಲಿ ಮಂಚಕ್ಕೆ ಹೊಸ ಹೊದಿಕೆ ಹಾಸಿಟ್ಟಿದ್ದಳು. ಅವನು ಬಾಗಿಲಲ್ಲೇ ನಿಂತು ಅದನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಕೆಳಗಿಳಿದು ಹೋದ. ಕೆಳಗೆ ಬಟ್ಟೆ ಒಗೆಯುವ ಯಂತ್ರ, ಮನೆ ಕಾಯಿಸುವ ಗ್ಯಾಸಿನ ಯಂತ್ರ, ಉಪ್ಪಿನಕಾಯಿ ಜಾಡಿಗಳ ಕಪಾಟು, ಒಂದು ಸಣ್ಣ ಬಚ್ಚಲು, ಹಳೆಯ ಸೋಫಾ ಇದ್ದವು. ಆ ಸೋಫಾದ ಮೇಲೆ ಮಲಗಿದ. ಆಮೇಲೆ ಮೇಲೆ ಬರಲಿಲ್ಲ.

ಬರಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ದವಡೆ ಊದಿಕೊಂಡಾಗ ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಬಂದ. ಸ್ಲಾವ್ಕಾ ಮಂಜಿನ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡಾಗ ಮೇಲೆ ಬಂದು ಒಂದು ವಾರ ಪಾತ್ರೆ ತೊಳೆದ. ಕೈಯ ಕಟ್ಟು ಬಿಚ್ಚುವ ಮೊದಲೇ ಮತ್ತೆ ಇಳಿದುಬಿಟ್ಟ.

ಅವನು ನಮ್ಮ ಕಲೀನಾ ಊರಿನ ಗೋಧಿ ಕಣಜದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಜೊತೆಗೆ ಲೈಲ್ ಎಂಬುವನಿದ್ದ. ಅವನು ನಮ್ಮಲ್ಲಿಗೆ ಬಂದ ವರ್ಷದ ಮಾರ್ಚಿಯಲ್ಲಿ ಕಣಜದೊಳಗೆ ಗೋಧಿ ಗಟ್ಟಿಕಟ್ಟಿ ನಿಂತಿತು. ಲೈಲ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೋಲು ಹಿಡಿದು ಒಳಗಿಳಿದ. ಮೇಲೆ ಹಗ್ಗ ಹಿಡಿದು ನಿಂತವನು ಓರೆಸ್ಟ್. ಗಟ್ಟಿ ಒಡೆಯಿತು, ಗೋಧಿ ಜಾರಿತು, ಲೈಲ್ ಮೊಣಕಾಲಿನವರೆಗೆ, ಸೊಂಟದವರೆಗೆ, ಎದೆಯವರೆಗೆ ಹೂತುಹೋದ. ಓರೆಸ್ಟ್ ಎಳೆದ. ಹಗ್ಗ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ, ಅವನ ಕೈ ಸೋಲಲಿಲ್ಲ. ಗೋಧಿ ಬಿಡಲಿಲ್ಲ, ಅಷ್ಟೆ. ವಿಚಾರಣೆಗೆ ಬಂದವರು “ನಿನ್ನ ತಪ್ಪೇನಿಲ್ಲ” ಎಂದು ಬರೆದುಕೊಟ್ಟರು. ಆ ಕಾಗದ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಸ್ಲಾವ್ಕಾ ಮಾಡದ ಪ್ರಯತ್ನವಿಲ್ಲ. ಬೈದಳು, ಅತ್ತಳು, ಪಾದ್ರಿಗಳನ್ನು ಕರೆತಂದಳು, ಪಟ್ಟಣದಿಂದ ಒಬ್ಬ ಡಾಕ್ಟರಮ್ಮ ಬಂದು ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಮಾತಾಡಿಸಿ ಹೋದಳು. ಅವನು ಯಾರಿಗೂ ಎದುರು ಮಾತಾಡಲಿಲ್ಲ. “ಹೂಂ ಅಕ್ಕ, ನಾಳೆ ನೋಡೋಣ” ಎನ್ನುತ್ತಿದ್ದ. ಎರಡನೇ ವರ್ಷ ಅವನು ಒಂದು ಹಲಗೆ ಕಟ್ಟಿ, ಮೇಲೆ ಟ್ಯೂಬ್‌ಲೈಟ್ ತೂಗುಹಾಕಿ, ಕಾಗದದ ಲೋಟಗಳಲ್ಲಿ ಟೊಮೆಟೊ ಬೀಜ ಹಾಕಿದ. ನಮ್ಮಲ್ಲಿ ಮೇ ಕೊನೆಯವರೆಗೆ ನೆಲ ಬೆಚ್ಚಗಾಗುವುದಿಲ್ಲ. ಸಸಿಗಳನ್ನು ಮನೆಯೊಳಗೇ ಎಬ್ಬಿಸಿಕೊಳ್ಳಬೇಕು. ಅವನ ಸಸಿಗಳು ಗಟ್ಟಿಯಾಗಿ, ಕುಳ್ಳಗೆ, ಕಡುಹಸಿರಾಗಿ ಬಂದವು. ಮರುವರ್ಷ ಎಲೆಕೋಸು, ದಪ್ಪ ಮೆಣಸು ಸೇರಿದವು. ಚರ್ಚಿನ ಮೇ ತಿಂಗಳ ಸಂತೆಯಲ್ಲಿ “ಓರೆಸ್ಟನ ಸಸಿ ಬಂದಿದೆಯಾ?” ಎಂದು ಜನ ಕೇಳುವಂತಾಯಿತು. ಆ ವಸಂತದಲ್ಲಿ ಕೆಳಗೆ ಮುನ್ನೂರ ನಲವತ್ತು ಲೋಟಗಳಿದ್ದವು.

ನಾನು ಮೂವತ್ತೊಂದು ವರ್ಷ ರಸ್ತೆಯ ಹಿಮ ತಳ್ಳುವ ಗ್ರೇಡರ್ ಓಡಿಸಿದವನು. ಹಿಮದ ಗುಣ ನನಗೆ ಗೊತ್ತು ಎಂಬ ಜಂಬ ನನಗಿತ್ತು. ಅದು ಎಲ್ಲಿ ಕೂರುತ್ತದೆ, ಯಾವಾಗ ಕುಸಿಯುತ್ತದೆ, ಕರಗಿದರೆ ಯಾವ ಕಡೆ ಓಡುತ್ತದೆ, ಎಲ್ಲವೂ. ಆ ಚಳಿಗಾಲದಲ್ಲಿ ಬಿದ್ದಷ್ಟು ಹಿಮವನ್ನು ಮಾತ್ರ ನಾನೂ ಕಂಡಿರಲಿಲ್ಲ. ಬೇಲಿ ಕಂಬಗಳು ಕಾಣುತ್ತಿರಲಿಲ್ಲ. ಅದೂ ಸಾಲದೆಂಬಂತೆ ಹಿಂದಿನ ಶರತ್ಕಾಲದಲ್ಲಿ ಮಳೆ ಜೋರಾಗಿ ಹೊಡೆದು, ನೆಲ ನೀರು ಕುಡಿದಿದ್ದಾಗಲೇ ಹೆಪ್ಪುಗಟ್ಟಿತ್ತು. ಮೇಲಿನ ನೀರು ಇಂಗಲು ಜಾಗವೇ ಇರಲಿಲ್ಲ.

ಫೆಬ್ರವರಿಯಲ್ಲೇ ಸಲಿಕೆ ಹಿಡಿದೆ. ಮನೆಯ ನಾಲ್ಕೂ ಗೋಡೆಗೆ ಒರಗಿದ್ದ ಹಿಮವನ್ನು ಎತ್ತಿ ಹತ್ತಡಿ ಆಚೆಗೆ ಎಸೆದೆ. ನೆಲಮಾಳಿಗೆಯ ಕಿಟಕಿಗಳ ಮುಂದಿನ ಹೊಂಡಗಳನ್ನು ಬಳಿದು ಮುಚ್ಚಳ ಹಾಕಿದೆ. ಸೂರಿನ ನೀರು ಇಳಿಯುವ ಕೊಳವೆಗಳಿಗೆ ಉದ್ದನೆಯ ತುಂಡು ಜೋಡಿಸಿ ಅಂಗಳದಾಚೆಗೆ ತಿರುಗಿಸಿದೆ. ನೆಲಮಾಳಿಗೆಯ ಮೂಲೆಯಲ್ಲಿ ನೀರು ಬಂದು ಕೂಡುವ ಗುಂಡಿಯಿದೆ, ಅದರಲ್ಲಿ ಪಂಪು. ಎರಡು ಬಕೆಟ್ ನೀರು ಸುರಿದು ಪಂಪು ತಾನಾಗಿ ಏಳುತ್ತದೆಯೇ ನೋಡಿದೆ. ಎದ್ದಿತು. ಅದರ ಪೈಪು ಹೊರಗೆ ಮಂಜುಗಡ್ಡೆ ಕಟ್ಟಿ ಮುಚ್ಚಿಹೋಗಿತ್ತು, ಕುದಿನೀರು ಹೊಯ್ದು ಬಿಡಿಸಿದೆ. ಇನ್ನೊಂದು ಪಂಪು ತಂದು ಪಕ್ಕದಲ್ಲಿಟ್ಟೆ. ನೆಲದ ತೂಬಿನಿಂದ ಕೊಳಚೆ ಹಿಂದಕ್ಕೆ ಉಕ್ಕದಂತೆ ಬಿರಡೆ ಹಾಕಿದೆ.

“ಹೆಂಡತಿ ಮೈ ಮುಟ್ಟಿದ್ದಕ್ಕಿಂತ ಹೆಚ್ಚು ಸಲ ಆ ಗೋಡೆ ಮುಟ್ಟಿದೀಯ ಈ ತಿಂಗಳು” ಎಂದಳು ಸ್ಲಾವ್ಕಾ, ಕಿಟಕಿಯಿಂದ ತಲೆ ಹೊರಗೆ ಹಾಕಿ.

“ಗೋಡೆ ಬೈಯಲ್ಲ, ಅದಕ್ಕೆ.”

“ಕೆಳಗಿರೋನು ಒಬ್ಬ ಹೊರಗೆ ಬರಲ್ಲ, ಮೇಲಿರೋನು ಒಬ್ಬ ಒಳಗೆ ಬರಲ್ಲ. ನನ್ನ ಹಣೆಬರಹ ನೋಡು.”

ಬೀದಿಯಾಚೆ ಕಾರ್ನೀ ತೀಸನ್ ಇದ್ದರು. ಮೆನನೈಟ್ ಎಂಬ ಕ್ರೈಸ್ತ ಪಂಥದ, ಎಂಬತ್ತೊಂದು ವರ್ಷದ ಮುದುಕರು. ಇಡೀ ಮನೆಗಳನ್ನು ಎತ್ತಿ ಗಾಲಿಯ ಮೇಲಿಟ್ಟು ಬೇರೆ ತಳಪಾಯಕ್ಕೆ ಸಾಗಿಸುವುದು ಅವರ ಕಸುಬಾಗಿತ್ತು. ಅವರು ದಿನಾ ಬೆಳಿಗ್ಗೆ ಕೋಲೂರಿಕೊಂಡು ಬಂದು ನನ್ನ ಕೆಲಸ ನೋಡುತ್ತಿದ್ದರು.

“ಲೋ ವಿಲ್ಫ್, ಎಲ್ಲಾ ನಮ್ಮನೆ ಕಡೆಗೇ ಎಸೀತಿದೀಯಲ್ಲೋ!”

“ನಿಮ್ಮನೆ ದಿಣ್ಣೆ ಮೇಲಿದೆ ತೀಸನ್ ಅವರೇ. ನಿಮಗೇನು ಭಯ?”

“ಭಯ ನನಗಲ್ಲ ಮಾರಾಯ, ನಿನಗೆ. ಗೋಡೆ ಸುತ್ತ ಎಲ್ಲಾ ಸರಿಯಾಗಿ ಮಾಡಿದೀಯ. ಆದರೆ ನೀರು ಸುತ್ತ ಬರಲ್ಲ, ಅಡಿಯಿಂದ ಬರುತ್ತೆ. ಅದಕ್ಕೆ ಸಲಿಕೆ ಇಲ್ಲ.”

ನಾನು ನಕ್ಕುಬಿಟ್ಟೆ.

ನಮ್ಮ ಮನೆಯ ಹಿಂದೆ ಶಾಲೆಯ ಆಟದ ಬಯಲಿದೆ, ನಮಗಿಂತ ಎರಡಡಿ ಎತ್ತರ. ಅಲ್ಲಿಯ ನೀರೆಲ್ಲ ನಮ್ಮ ಬೇಲಿಯ ಪಕ್ಕದ ಕಾಲುವೆಗೆ ಇಳಿದು, ರಸ್ತೆಯಡಿಯ ಮೋರಿ ದಾಟಿ ಹಳ್ಳ ಸೇರಬೇಕು. ಮಾರ್ಚಿ ಕೊನೆಗೆ ನೋಡಿದರೆ ಆ ಮೋರಿ ಈ ತುದಿಯಿಂದ ಆ ತುದಿಯವರೆಗೆ ಗಡ್ಡೆಯಾಗಿತ್ತು. ಹಾರೆಯಿಂದ ಎರಡು ಮೊಳ ಒಡೆದೆ, ಮುಂದೆ ಕೈ ಹೋಗಲಿಲ್ಲ. ಪುರಸಭೆಗೆ ಫೋನು ಮಾಡಿದೆ. ಮೋರಿಗಳಿಗೆ ಹಬೆ ಬಿಟ್ಟು ಗಡ್ಡೆ ಕರಗಿಸುವ ಲಾರಿ ಒಂದೇ ಒಂದು. ಆ ಲಾರಿಯ ಪಕ್ಕದ ಶೆಡ್ಡಿನಲ್ಲಿ ನಾನು ಮೂವತ್ತೊಂದು ವರ್ಷ ಚಹಾ ಕುಡಿದವನು.

“ನಿಮ್ಮದು ಇಪ್ಪತ್ತೇಳನೇ ನಂಬರು” ಎಂದಳು ಅಲ್ಲಿಯ ಹುಡುಗಿ.

“ಈಗ ಎಷ್ಟರಲ್ಲಿದಾರೆ?”

“ನಾಲ್ಕು.”

“ಅಮ್ಮಾ, ನಾನು ಅಲ್ಲೇ ಕೆಲಸ ಮಾಡಿದೋನು...”

“ಗೊತ್ತು ಸರ್. ಆರನೇ ನಂಬರಿನವರೂ ಇಲ್ಲೇ ಮಾಡಿದೋರು.”

ಏಪ್ರಿಲ್ ಹನ್ನೊಂದಕ್ಕೆ ಗಾಳಿ ದಕ್ಷಿಣದಿಂದ ಬೀಸತೊಡಗಿತು. ಒಂದೇ ದಿನದಲ್ಲಿ ಮೈ ಕೊರೆಯುವ ಚಳಿ ಹೋಗಿ ಅಂಗಿಯಲ್ಲಿ ನಿಲ್ಲುವಷ್ಟು ಬಿಸಿಲು ಬಂತು. ಮರುದಿನ ಮಳೆ. ಹಿಮದ ಮೇಲೆ ಬಿದ್ದ ಮಳೆಯ ಸದ್ದು ನನಗೆ ಯಾವತ್ತೂ ಇಷ್ಟವಿಲ್ಲ, ಅದು ಏನನ್ನೋ ನಿಧಾನಕ್ಕೆ ಅಗಿಯುತ್ತಿರುವಂತೆ ಕೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಆಟದ ಬಯಲು ಕೆರೆಯಾಗಿತ್ತು. ಕಾಲುವೆ ತುಂಬಿ, ಮೋರಿ ಬಾಯಿ ಬಿಡದೆ, ನೀರು ಬೇಲಿ ದಾಟಿ ನಮ್ಮ ಹಿತ್ತಿಲಿಗೆ ಬಂತು. ಗೋಡೆಯಿಂದ ಹತ್ತಡಿ ದೂರಕ್ಕೆ ನಾನು ಎಸೆದಿದ್ದ ಹಿಮವೇ ಸುತ್ತ ಒಡ್ಡಾಗಿ ನಿಂತು ಒಂದಷ್ಟು ಹೊತ್ತು ಅದನ್ನು ತಡೆಯಿತು. ಆಮೇಲೆ ಆ ಒಡ್ಡು ಒಳಗಿನಿಂದ ಬೂದುಬಣ್ಣಕ್ಕೆ ತಿರುಗಿ ಕುಸಿಯಿತು.

ಪಂಪು ಮೊದಲು ಐದು ನಿಮಿಷಕ್ಕೊಮ್ಮೆ ಏಳುತ್ತಿತ್ತು. ಸಂಜೆಗೆ ನಿಲ್ಲುವುದನ್ನೇ ಬಿಟ್ಟಿತು. ಎರಡನೇ ಪಂಪನ್ನೂ ಇಳಿಸಿದೆ. ಎರಡು ದಿನ ನಾನು ಕೆಳಗೇ ಕಳೆದೆ. ಪೈಪಿನ ತುದಿ ಹೊರಗೆ ಮುಚ್ಚದಂತೆ ನೋಡುವುದು, ಮೂಲೆಯಲ್ಲಿ ಜಿನುಗಿದ್ದನ್ನು ಬಟ್ಟೆಯಿಂದ ಒರೆಸುವುದು, ಗುಂಡಿಯ ಕೆಸರು ತೆಗೆಯುವುದು. ಓರೆಸ್ಟ್ ನನ್ನ ಪಕ್ಕ ಬಂದು ಬಕೆಟ್ ಹಿಡಿದ. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಇದ್ದದ್ದಿಲ್ಲ.

“ಸಸಿಗೆ ನೀರು ಹಾಕಿದೆಯಾ?” ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

ಅವನು ಸುತ್ತ ನೋಡಿ, “ನೀರಿಗೇನು ಬರ ಭಾವ?” ಎಂದ.

ಇಬ್ಬರಿಗೂ ನಗು ಬಂತು. ಆ ನಗು ಕೇಳಿ ಮೆಟ್ಟಿಲ ಮೇಲಿಂದ ಸ್ಲಾವ್ಕಾ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ನಾನು ಬೇರೆ ಕಡೆ ತಿರುಗಿಕೊಂಡೆ.

ಮೂರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಉತ್ತರದ ಗೋಡೆಯಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಒಣ ರೊಟ್ಟಿ ಮುರಿದಂತೆ. ನೋಡಿದರೆ, ಎದೆಯೆತ್ತರದಲ್ಲಿ ಇಟ್ಟಿಗೆ ಸಂದಿಯುದ್ದಕ್ಕೂ ಒಂದು ಗೆರೆ, ಈ ಮೂಲೆಯಿಂದ ಆ ಮೂಲೆಗೆ. ಕೈಯಿಟ್ಟು ನೋಡಿದೆ. ಗೋಡೆ ಒಳಕ್ಕೆ ಹೊಟ್ಟೆ ಬಿಟ್ಟಿತ್ತು. ಕೆಳಗೆ ನೆಲದ ಕಾಂಕ್ರೀಟು ಕೂಡ ನಡುವಿನಲ್ಲಿ ಕಾಲಿಗೆ ತಗಲುವಷ್ಟು ಉಬ್ಬಿತ್ತು. ಸ್ಲಾವ್ಕಾ ತೀಸನ್ ಅವರನ್ನು ಕರೆಯಲು ಓಡಿದಳು.

ತೀಸನ್ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದರು. ಕೋಲನ್ನು ಗೋಡೆಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ನೆಲದ ಮೇಲೆ ಕಾಲೆಳೆದು ನಡೆದರು. ಪಂಪಿನ ಹತ್ತಿರ ನಿಂತು ಅದರ ಗುರ್ರೆನ್ನುವ ಸದ್ದು ಕೇಳಿದರು.

“ನಿಲ್ಲಿಸು” ಎಂದರು.

“ಏನನ್ನ?”

“ಪಂಪನ್ನ. ಎರಡೂ.”

ನನಗೆ ಅರ್ಥವಾಗಲಿಲ್ಲ. ಮುದುಕರಿಗೆ ಬುದ್ಧಿ ಕೆಟ್ಟಿತೇನೋ ಅಂದುಕೊಂಡೆ.

“ನೋಡು ವಿಲ್ಫ್” ಎಂದು ಅವರು ಮೆತ್ತಗೆ ಹೇಳಿದರು. “ಹೊರಗೆ ನೀರು ಈ ಗೋಡೆಗೆ ಎದೆಯೆತ್ತರ ನಿಂತಿದೆ. ಒಳಗೆ ಖಾಲಿ. ಹೊರಗಿನೋನು ತಳ್ಳತಾ ಇದಾನೆ, ಒಳಗಿಂದ ತಳ್ಳೋರು ಯಾರೂ ಇಲ್ಲ. ನೀನು ಒಳಗೆ ಒಣಗಿಸಿದಷ್ಟೂ ಅವನಿಗೆ ಸಲೀಸು. ಇವತ್ತು ಸಂಜೆಯೊಳಗೆ ಗೋಡೆ ಬೀಳುತ್ತೆ. ಗೋಡೆ ಬಿದ್ರೆ ಮೇಲಿನ ಮನೆ ಎಲ್ಲಿ ನಿಲ್ಲುತ್ತೆ? ಒಳಗೂ ನೀರು ಬಿಡು. ಎರಡೂ ಕಡೆ ಸಮ ಆಗಲಿ. ಹೊರಗೆ ಇಳಿದಂಗೆ ಒಳಗೂ ದಿನಕ್ಕೆ ಗೇಣಿನಷ್ಟು ತೆಗೆಯೋಣ.”

“ನಾನೇ ನೀರು ಬಿಡೋದಾ? ನನ್ನ ಮನೆಗೆ?”

“ಅದು ತಾನಾಗಿ ಬಂದ್ರೆ ಕೊಳಚೆ ಬರುತ್ತೆ. ನಲ್ಲಿ ನೀರು ಬಿಡು, ಚೊಕ್ಕ ಇರುತ್ತೆ. ಬಟ್ಟೆ ಒಗೆಯೋ ನಲ್ಲಿಗೆ ಪೈಪು ಸಿಕ್ಕಿಸು. ಮೊದಲು ಗ್ಯಾಸು, ಕೆಳಗಿನ ಕರೆಂಟು ಎಲ್ಲಾ ಬಂದ್ ಮಾಡು.”

“ಇಲ್ಲ” ಎಂದೆ. “ಮೂರನೇ ಪಂಪು ತರ್ತೀನಿ. ಗೋಡೆಗೆ ತೊಲೆ ಕೊಡೋಣ. ನೀವೇ ಮನೆ ಎತ್ತಿದೋರಲ್ವಾ, ಜಾಕಿ ತನ್ನಿ. ಏನಾದರೂ ಮಾಡೋಣ.”

“ಹತ್ತು ವರ್ಷದ ಹಿಂದೆ ಆಗಿದ್ರೆ ಜಾಕಿ ತರ್ತಿದ್ದೆ, ಸೋಲ್ತಿದ್ದೆ. ಈಗ ತರದೇ ಸೋಲ್ತೀನಿ.”

ನಾನು ಓರೆಸ್ಟ್ ಕಡೆ ನೋಡಲಿಲ್ಲ. ಅವನ ಸೋಫಾ, ಹಾಸಿಗೆ, ಹಲಗೆ, ದೀಪ, ಮುನ್ನೂರ ನಲವತ್ತು ಲೋಟ ಎಲ್ಲವೂ ನನ್ನ ಬೆನ್ನ ಹಿಂದೆ ಇದ್ದವು. ಎರಡು ತಿಂಗಳು ನಾನು ಸಲಿಕೆ ಹಿಡಿದದ್ದು ಯಾಕೆಂದು ಆಗ ನನಗೇ ಹೊಳೆಯಿತು. ಮನೆಗಲ್ಲ. ಇವನು ಇಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಏಳದಿರಲಿ ಎಂದು. ಪಂಪಿನ ತಂತಿಯ ಮುಂದೆ ಮಂಡಿಯೂರಿ ಕೂತೆ. ಕೈ ಮುಂದೆ ಹೋಗಲಿಲ್ಲ. ಅರವತ್ತನಾಲ್ಕು ವರ್ಷದ ಗಂಡಸು, ಕೆಸರಿನಲ್ಲಿ ಕೂತು, ಒಂದು ತಂತಿ ಕೀಳಲಾಗದೆ ಬಿಕ್ಕಿದೆ.

ಓರೆಸ್ಟ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಬಿಡು ಭಾವ.”

“ಇನ್ನೊಂದು ಗಂಟೆ ನೋಡೋಣ ಕಣೋ.”

“ಎಳೆದಷ್ಟೂ ಗಟ್ಟಿ ಹಿಡಿಯುತ್ತೆ ಅದು” ಎಂದ. “ನಂಗೊತ್ತು.”

ಆ ನಾಲ್ಕು ವರ್ಷದಲ್ಲಿ ಲೈಲ್ ಸತ್ತ ದಿನದ ಬಗ್ಗೆ ಅವನು ಆಡಿದ್ದು ಅಷ್ಟೇ. ಕೈ ನೀಡಿ ಮೊದಲ ಪಂಪಿನ ತಂತಿ ಕಿತ್ತ. ಆಮೇಲೆ ಎರಡನೆಯದು. ಅಷ್ಟೊಂದು ದಿನದ ಸದ್ದು ನಿಂತಿತು. ಗುಂಡಿಯಲ್ಲಿ ನೀರು ಏರುವ ಗುಳುಗುಳು ಮಾತ್ರ ಕೇಳಿಸಿತು.

ಸ್ಲಾವ್ಕಾ ಒಂದು ಕ್ಷಣವೂ ನಿಲ್ಲಲಿಲ್ಲ. “ಲೋಟ ತನ್ನಿ” ಎಂದು ಕೂಗಿದಳು. ನಾವು ನಾಲ್ವರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ತೀಸನ್ ಮೇಲಿನ ಮೆಟ್ಟಿಲಲ್ಲಿ ಕೂತುಬಿಟ್ಟರು. ಓರೆಸ್ಟ್ ತಟ್ಟೆಯಲ್ಲಿ ಹತ್ತತ್ತು ಲೋಟ ಜೋಡಿಸಿ ಕೊಟ್ಟ, ಅದು ನನ್ನ ಕೈಯಿಂದ ತೀಸನ್ ಕೈಗೆ, ಅವರಿಂದ ಸ್ಲಾವ್ಕಾ ಕೈಗೆ ಹೋಯಿತು. ಊಟದ ಮೇಜು, ಟಿವಿಯ ಮೇಲೆ, ಪುಸ್ತಕದ ಕಪಾಟು, ನಮ್ಮ ಮಂಚ, ಎಲ್ಲ ಕಡೆ ಟೊಮೆಟೊ. ಆಮೇಲೆ ಜಾಡಿಗಳು. ಆಮೇಲೆ ಬಟ್ಟೆ, ಹಾಸಿಗೆ. ಸೋಫಾ ಮೆಟ್ಟಿಲ ತಿರುವಿನಲ್ಲಿ ಹಿಡಿಯಲಿಲ್ಲ, ಅಲ್ಲೇ ಬಿಟ್ಟೆವು. ಅಷ್ಟರಲ್ಲಿ ನೆಲದ ನೀರು ಪಾದ ಮುಚ್ಚಿತ್ತು.

ಗ್ಯಾಸು ಮುಚ್ಚಿದೆ, ಕರೆಂಟಿನ ಪೆಟ್ಟಿಗೆಯಲ್ಲಿ ನೆಲಮಾಳಿಗೆಯ ಸ್ವಿಚ್ಚುಗಳನ್ನೆಲ್ಲ ಆರಿಸಿದೆ. ಕಿಟಕಿಯಿಂದ ಬರುವ ಬೂದು ಬೆಳಕಿನಲ್ಲಿ ನಲ್ಲಿಗೆ ಪೈಪು ಸಿಕ್ಕಿಸಿ ತಿರುಗಿಸಿದೆ. ಮೂವತ್ತೊಂದು ವರ್ಷ ಊರಿನವರ ಬಾಗಿಲ ಮುಂದಿನ ಹಿಮ ತಳ್ಳಿದ ಕೈಯಿಂದ ನನ್ನ ಮನೆಗೆ ನಾನೇ ನೀರು ಬಿಟ್ಟೆ. ಸಂಜೆ ಆರಕ್ಕೆ ಅದು ಸೊಂಟದೆತ್ತರ ಬಂತು. ತೀಸನ್ ಮೇಲಿನ ಮೆಟ್ಟಿಲಿಂದ ಗೋಡೆಯ ಗೆರೆಯನ್ನೇ ನೋಡುತ್ತಿದ್ದವರು, “ಸಾಕು, ಗೋಡೆ ನಿಂತಿದೆ” ಎಂದರು.

ಗೋಡೆ ಬೀಳಲಿಲ್ಲ. ಓಣಿಯ ಕೊನೆಯ ಮನೆಯವರು ಬಾಡಿಗೆಗೆ ದೊಡ್ಡ ಪಂಪು ತರಿಸಿ ಕೊನೆಯವರೆಗೂ ಎಳೆದರು. ಮರುದಿನ ಬೆಳಿಗ್ಗೆ ಅವರ ಹಿಂಗೋಡೆ ಒಳಕ್ಕೆ ಬಿದ್ದು ಅಡುಗೆಮನೆ ಓರೆಯಾಯಿತು. ಅದನ್ನು ನೋಡಲು ಹೋದಾಗ ನನಗೆ ಗೆದ್ದೆ ಎನ್ನಿಸಲಿಲ್ಲ. ಆ ಮನೆಯವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನೂ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ.

ಹಬೆಯ ಲಾರಿ ನಮ್ಮ ಮೋರಿಗೆ ಬಂದದ್ದು ಏಪ್ರಿಲ್ ಇಪ್ಪತ್ತೆರಡಕ್ಕೆ.

ಅಷ್ಟು ದಿನ ನಾವು ಮೂವರೂ ನೆಲಮಾಳಿಗೆಯ ನೀರಿನ ಮೇಲೆ ಬದುಕಿದೆವು. ಮನೆ ಕಾಯಿಸುವ ಯಂತ್ರವಿಲ್ಲ, ಕರೆಂಟಿನ ಸಣ್ಣ ಒಲೆಗಳು ಎರಡು. ಓರೆಸ್ಟ್ ಮೇಲಿನ ಕೋಣೆಯಲ್ಲಿ, ಸ್ಲಾವ್ಕಾ ನಾಲ್ಕು ವರ್ಷದ ಹಿಂದೆ ಹಾಸಿದ್ದ ಮಂಚದಲ್ಲಿ ಮಲಗಿದ. ಬೆಳಿಗ್ಗೆ ಎದ್ದು ಒಂದೊಂದೇ ಲೋಟವನ್ನು ಕಿಟಕಿಯ ಕಡೆಗೆ ತಿರುಗಿಸಿಡುತ್ತಿದ್ದ. ಕಿಟಕಿಯ ಬೆಳಕು ಸಾಲದೆ ಸಸಿಗಳು ಒಂದೇ ವಾರದಲ್ಲಿ ತೆಳ್ಳಗೆ ಉದ್ದುದ್ದ ಎದ್ದು ಒಂದೇ ಕಡೆಗೆ ವಾಲಿದವು. ಅವನು ಅವಕ್ಕೆ ಬೆಂಕಿಕಡ್ಡಿಯ ಆಸರೆ ಕೊಟ್ಟ. ಅದೂ ಸಾಲಲಿಲ್ಲ.

ನಮ್ಮ ಚರ್ಚಿನ ಹಳೆಯ ಪಂಚಾಂಗದ ಈಸ್ಟರ್ ಆ ವರ್ಷ ತಡವಾಗಿ ಬಂತು. ಸ್ಲಾವ್ಕಾ ಟೊಮೆಟೊ ಲೋಟಗಳ ನಡುವೆಯೇ ಹಿಟ್ಟು ನಾದಿ ಪಾಸ್ಕಾ ರೊಟ್ಟಿ ಬೇಯಿಸಿದಳು. ಹಿಟ್ಟು ಚಳಿಗೆ ಉಬ್ಬಲೇ ಇಲ್ಲ. ಆದರೂ ಅವಳು ಹಾಡು ಗುನುಗುತ್ತಿದ್ದಳು.

“ನೋಡ್ತಿರು” ಎಂದು ನನ್ನ ಕಿವಿಯಲ್ಲಿ ಹೇಳಿದಳು, “ದೇವರು ಎಲ್ಲಾ ಒಳ್ಳೇದಕ್ಕೇ ಮಾಡ್ತಾನೆ. ನಾನು ನಾಲ್ಕು ವರ್ಷ ಕರೆದ್ರೂ ಬರಲಿಲ್ಲ, ನೀರು ಒಂದು ಮಧ್ಯಾಹ್ನಕ್ಕೆ ಕರ್ಕೊಂಡು ಬಂತು.”

ಹಬ್ಬದ ಮೇಜಿಗೆ ಓರೆಸ್ಟ್ ಕ್ಷೌರ ಮಾಡಿಕೊಂಡು ಬಂದು ಕೂತ. ಮೊಟ್ಟೆಯ ಮೇಲೆ ಖಾರಮೂಲಂಗಿ ಹಾಕಿಕೊಂಡು ತಿಂದ. ಕಣ್ಣಲ್ಲಿ ನೀರು ಬಂತು. ಸ್ಲಾವ್ಕಾ ಎದ್ದು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತಳು.

“ಅಕ್ಕ” ಎಂದ ಅವನು, “ಮೂಲಂಗಿ ಖಾರ.”

“ಸುಮ್ನಿರು. ಗೊತ್ತು ನಂಗೆ.”

ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮೇಲೆ ಬಂದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ಇಬ್ಬರೂ ನಂಬಿದ್ದೆವು. ಅವನು ಮೇಲೆ ಬಂದಿದ್ದ. ಏನೂ ಸರಿಹೋಗಲಿಲ್ಲ. ಬಾಗಿಲು ತಟ್ಟಿದ ಸದ್ದಾದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಕೆಳಗಿದ್ದಾಗ ದಿನಕ್ಕೆ ನಾಲ್ಕು ಮಾತಾಡುತ್ತಿದ್ದವನು ಮೇಲೆ ಎರಡಕ್ಕೆ ಇಳಿದ. ಮೇ ಸಂತೆಯ ದಿನ ಚರ್ಚಿನ ಹೆಂಗಸರು ಸಸಿ ಒಯ್ಯಲು ಕಾರು ತಂದರು. ಒಬ್ಬಾಕೆ ಕಿಟಕಿಯಲ್ಲಿ ಅವನನ್ನು ಕಂಡು, “ಅಯ್ಯೋ ಓರೆಸ್ಟ್! ಮೇಲೆ ಬಂದ್ಯಾ? ಕೊನೆಗೂ ಬಂದ್ಯಲ್ಲಪ್ಪಾ!” ಎಂದು ಸಂತೋಷದಿಂದ ಚಪ್ಪಾಳೆ ಹೊಡೆದಳು. ಆಕೆಯ ಮನಸ್ಸು ಒಳ್ಳೆಯದೇ. ಆ ದಿನ ಅವನು ಊಟ ಮಾಡಲಿಲ್ಲ. ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೈಗಳೆರಡನ್ನೂ ಮುಷ್ಟಿ ಕಟ್ಟಿ ಎದೆಗೆ ಒತ್ತಿಕೊಂಡಿದ್ದ.

ಸಸಿಗಳಲ್ಲಿ ಅರ್ಧಕ್ಕರ್ಧ ಮುರಿದು ಬಿದ್ದಿದ್ದವು.

ದಿನಕ್ಕೆ ಗೇಣು ಗೇಣಾಗಿ ನೀರು ತೆಗೆದು, ಕೊನೆಗೆ ಕೆಸರು ಬಳಿದು, ಒದ್ದೆಯಾದ ಹಲಗೆಗಳನ್ನು ಕಿತ್ತೆಸೆದು ನೆಲಮಾಳಿಗೆಯನ್ನು ಬರಿಯ ಇಟ್ಟಿಗೆ ಕಾಂಕ್ರೀಟಿಗೆ ಇಳಿಸಿದೆ. ಜೂನ್, ಜುಲೈ ಪೂರ್ತಿ ತೀಸನ್ ಅವರ ಅಣ್ಣನ ಮಕ್ಕಳು ಹೊರಗಿನಿಂದ ಅಗೆದು ಉತ್ತರದ ಗೋಡೆಯನ್ನು ಹೊಸದಾಗಿ ಕಟ್ಟಿದರು. ಸುತ್ತ ಜಲ್ಲಿ ತುಂಬಿ ನೀರು ಬಸಿಯುವ ಕೊಳವೆ ಹೂತರು. “ಇನ್ನು ಬರಲ್ಲ ಅಲ್ವಾ?” ಎಂದು ನಾನು ಕೇಳಿದೆ. ಅವರಲ್ಲಿ ದೊಡ್ಡವನು ಟೋಪಿ ಹಿಂದಕ್ಕೆ ತಳ್ಳಿ, “ಸಾಮಾನ್ಯ ವರ್ಷ ಆದ್ರೆ ಬರಲ್ಲ” ಎಂದ. ಸಾಮಾನ್ಯ ವರ್ಷ ಯಾವುದೆಂದು ಅವನಿಗೂ ಹೇಳಲಾಗಲಿಲ್ಲ.

ಗೋಡೆ ಒಣಗಿದ ಮೇಲೆ ಓರೆಸ್ಟ್ ದಿನಾ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಲು ಶುರು ಮಾಡಿದ. ಇಳಿಯಲೇ ಎಂದು ಕೇಳುತ್ತಿರಲಿಲ್ಲ. ನಿಂತು ನೋಡುತ್ತಿದ್ದ, ಅಷ್ಟೆ. ಒಂದು ದಿನ ಸ್ಲಾವ್ಕಾ ತಡೆಯಲಾರದೆ ಬಾಗಿಲಿಗೆ ಅಡ್ಡ ನಿಂತಳು.

“ಇಲ್ಲ. ಇಲ್ಲೇ ಇರ್ತೀಯ. ಮನುಷ್ಯರ ಥರ ಕಿಟಕಿ ಇರೋ ಕೋಣೇಲಿ ಇರ್ತೀಯ. ಆ ಗೋಡೆ ಬಿದ್ದಿದ್ರೆ ನೀನು ಏನಾಗ್ತಿದ್ದೆ? ನೀನು ನನಗೆ ಒಬ್ಬನೇ ತಮ್ಮ ಕಣೋ.”

“ಹೂಂ ಅಕ್ಕ.”

“ಏನು ಹೂಂ? ನಾನೇನು ಮಾಡ್ಲಿ ಹೇಳು. ಇನ್ನೇನು ಮಾಡ್ಬೇಕು ನಾನು?”

ಉತ್ತರ ಕೊಡದಿರುವುದು ಅವಳಿಗೆ ಅವಮಾನ ಎಂದು ಅವನಿಗೆ ಅನ್ನಿಸಿರಬೇಕು.

“ಮೇಲೆ ಎಲ್ರೂ ನನ್ನ ಎಳೀತಾರಕ್ಕ” ಎಂದ. “ಪ್ರೀತಿಯಿಂದ್ಲೇ ಎಳೀತಾರೆ. ನೋವಾಗುತ್ತೆ.”

ಸ್ಲಾವ್ಕಾ ಬಾಗಿಲಿಂದ ಸರಿಯಲಿಲ್ಲ. ಅವನು ಅವಳನ್ನು ದಾಟಿಯೂ ಹೋಗಲಿಲ್ಲ. ಇಬ್ಬರೂ ಹಾಗೇ ನಿಂತಿದ್ದರು, ಅಕ್ಕ ತಮ್ಮ, ಒಂದು ಕೈಯಷ್ಟು ದೂರದಲ್ಲಿ. ಕೊನೆಗೆ ಅವಳು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ಶುರು ಮಾಡಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಆ ರಾತ್ರಿ ಊಟದ ಮೇಜಿನಲ್ಲಿ ನನಗೆ ಹೇಳಿದಳು, “ಕೆಳಗೆ ಬಣ್ಣ ಹೊಡೀತೀಯಲ್ಲ, ಬಿಳಿ ಬೇಡ. ಆಸ್ಪತ್ರೆ ಥರ ಆಗುತ್ತೆ. ತಿಳಿ ಹಳದಿ ಹೊಡಿ.”

ಹಳದಿ ಹೊಡೆದೆ. ಹೊಸ ಹಲಗೆ ಕಟ್ಟಿಕೊಟ್ಟೆ, ಈ ಸಲ ನೆಲದಿಂದ ಮೂರಡಿ ಎತ್ತರಕ್ಕೆ. ದೀಪವನ್ನು ಅವನೇ ತೂಗುಹಾಕಿದ. ಸೆಪ್ಟೆಂಬರ್ ಎರಡನೇ ವಾರ, ಊರಿನವರೆಲ್ಲ ಗೋಧಿ ಕೊಯ್ಲಿನಲ್ಲಿದ್ದಾಗ, ಒಂದು ಬೆಳಿಗ್ಗೆ ಅವನ ಹಾಸಿಗೆಯನ್ನು ಇಳಿಸಿದೆವು. ಹೊಸ ಹಾಸಿಗೆ, ಭಾರವಾಗಿತ್ತು. ಮುಂದಿನ ತುದಿ ಅವನು ಹಿಡಿದ, ಹಿಂದಿನದು ನಾನು. ಸ್ಲಾವ್ಕಾ ಬಾಗಿಲನ್ನು ತೆರೆದು ಹಿಡಿದಿದ್ದಳು. ಮೆಟ್ಟಿಲ ತಿರುವಿನಲ್ಲಿ ಹಾಸಿಗೆ ಸಿಕ್ಕಿಕೊಂಡಿತು. ಎಳೆಯೋಣ ಎಂದು ನಾನು ಮೈ ಬಿಗಿ ಮಾಡಿದೆ.

“ತಾಳು ಭಾವ” ಎಂದ ಅವನು ಕೆಳಗಿನಿಂದ. “ಸ್ವಲ್ಪ ಹಿಂದಕ್ಕೆ ಬಿಡು. ತಲೆ ಹುಷಾರು, ತೊಲೆ ಇದೆ.”

ನಾನು ತಲೆ ತಗ್ಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟೆ. ಹಾಸಿಗೆ ತಾನಾಗಿ ತಿರುಗಿ ಕೆಳಗಿಳಿಯಿತು.